ಮೂರನೆಯ ಚುಕ್ಕಿ

ಯೋಜನಾ ಪ್ರಾಧಿಕಾರದ ಎರಡನೇ ಮಹಡಿಯಲ್ಲಿ, ಗೋಡೆಯುದ್ದಕ್ಕೂ ಅಂಟಿಸಿದ್ದ ಊರಿನ ನಕ್ಷೆಯ ಮುಂದೆ ನಿಂತು ನಕ್ಷೆಗಾರ ಚುಕ್ಕಿಗಳನ್ನು ಎಣಿಸುತ್ತಿದ್ದ. ಎಣಿಸುವುದು ಅವನ ಕೆಲಸ. ಎಣಿಸಿದ್ದನ್ನೇ ಮತ್ತೊಮ್ಮೆ ಎಣಿಸುವುದು ಅವನ ಸ್ವಭಾವ. ಕಚೇರಿಯಲ್ಲಿ ಅವನಿಗೆ ‘ಮಿಲಿಮೀಟರ್’ ಎಂದು ಹೆಸರು. ಹಿಂದಿನಿಂದ ಮಾತ್ರವಲ್ಲ, ಎದುರಿಗೂ ಹಾಗೇ ಕರೆಯುತ್ತಿದ್ದರು. ಅವನು ಅದಕ್ಕೆ ಓಗೊಡುತ್ತಲೂ ಇದ್ದ.

ಕಳೆದ ಎರಡು ಬೇಸಿಗೆಗಳಲ್ಲಿ ಸೆಕೆಯ ಹೊಡೆತಕ್ಕೆ ಯಾರು ಎಲ್ಲಿ ಸತ್ತರೋ ಅಲ್ಲಿಗೊಂದು ಕೆಂಪು ಚುಕ್ಕಿ. ಮೂರು ಚುಕ್ಕಿ ಬಿದ್ದ ಬೀದಿ ಮೊದಲ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯ ಬೀದಿಗಳಲ್ಲಿ ಈ ಬೇಸಿಗೆ ಬಲಿಯುವ ಮೊದಲೇ ಕೆಲಸ ಶುರು: ತಾರಸಿಗಳಿಗೆ ಸುಣ್ಣ ಬಳಿಯುವುದು, ಕಟ್ಟಡಗಳಲ್ಲಿ ಮುಚ್ಚಿಹೋದ ಗಾಳಿದಾರಿಗಳನ್ನು ನೋಟಿಸು ಕೊಟ್ಟು ತೆರೆಸುವುದು, ರಸ್ತೆಗೆ ನೆರಳು ಮಾಡುವುದು, ಮಧ್ಯಾಹ್ನದ ಹೊತ್ತು ವಯಸ್ಸಾದವರು ಬಂದು ಕೂರಲು ಒಂದು ತಂಪಾದ ಹಜಾರ ತೆರೆದಿಡುವುದು. ಉಳಿದ ಬೀದಿಗಳು ಮುಂದಿನ ವರ್ಷ, ಅಥವಾ ಅದರ ಮುಂದಿನ ವರ್ಷ. ಇರುವ ಕೆಲಸಗಾರರ ಕೈಯಲ್ಲಿ ಒಂದು ಬೇಸಿಗೆಗೆ ನಲವತ್ತು ಬೀದಿಗಳಿಗಿಂತ ಹೆಚ್ಚು ಆಗದು ಎಂಬ ಲೆಕ್ಕವನ್ನು ಹಾಕಿದವನೂ ನಕ್ಷೆಗಾರನೇ.

ಯೋಜನಾಧಿಕಾರಿ ಮೇಡಂ ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಟೀ ಲೋಟ ಇತ್ತು.

“ಇದು ನಿಮ್ಮ ಬೀದಿ ಅಲ್ವಾ?”

“ಹೌದು ಮೇಡಂ.”

“ಎರಡೇ ಚುಕ್ಕಿ.”

“ಎರಡೇ.”

“ಪುಣ್ಯ ಮಾಡಿದ್ದೀರಿ ಬಿಡಿ. ಇನ್ನೊಂದು ವರ್ಷ ಕಾಯಿರಿ ಅಷ್ಟೇ. ಶುಕ್ರವಾರ ಸಂಜೆ ಪಟ್ಟಿ ಮುಚ್ತೀನಿ, ಆಮೇಲೆ ಯಾರು ಬಂದು ಗೋಗರೆದರೂ ತೆಗೆಯಲ್ಲ. ನೀವು ಗೋಗರೆದರೂ.”

ಅವರು ನಕ್ಕರು. ನಕ್ಷೆಗಾರನೂ ನಗುವಷ್ಟು ತುಟಿ ಅಗಲಿಸಿದ. ಎರಡು ಚುಕ್ಕಿಗಳಲ್ಲಿ ಒಂದು ಬೀದಿ ಮೂಲೆಯ ಇಸ್ತ್ರಿಯವನದು, ಇನ್ನೊಂದು ಮೂರನೇ ಕಟ್ಟಡದ ನಿವೃತ್ತ ಮೇಷ್ಟರದು. ಮೂರನೆಯದನ್ನು ಎಲ್ಲಿ ಇಡಬೇಕು ಎಂದು ಅವನಿಗೆ ಗೊತ್ತಿತ್ತು. ಹತ್ತು ತಿಂಗಳಿಂದ ಗೊತ್ತಿತ್ತು.

ಅವನ ತಾಯಿ ತೀರಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ, ಅವನಿಗೆ ಗೊತ್ತಾದದ್ದು ಮೂರಕ್ಕೆ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅವನು ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಯಾರದೋ ಮನೆಯ ನಕ್ಷೆ ಪರಿಶೀಲಿಸುತ್ತಿದ್ದ. ಮಲಗುವ ಕೋಣೆಯ ಕಿಟಕಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದೆ ಎಂದು ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದು, ಅಮ್ಮನಿಗೆ ಟೀ ಕೇಳೋಣವೆಂದು ಎದ್ದು ಒಳಗೆ ಹೋದ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಭುಜ ಮುಟ್ಟಿದ. ಮೈ ಒಣಗಿತ್ತು. ಬಿಸಿಯಾಗಿತ್ತು. ಜ್ವರದ ಬಿಸಿಯಲ್ಲ, ಬಿಸಿಲಲ್ಲಿ ಬಿಟ್ಟ ಪಾತ್ರೆಯ ಬಿಸಿ.

ಆ ಕೋಣೆ ಎಂಟಡಿಗೆ ಒಂಬತ್ತಡಿ. ಅದರ ಒಂದೇ ಕಿಟಕಿ, ಎರಡೂವರೆ ಅಡಿ ಅಗಲ, ಮೂರಡಿ ಎತ್ತರ, ಕಟ್ಟಡದ ನಡುವಿನ ಗಾಳಿಬಾವಿಗೆ ತೆರೆಯುತ್ತಿತ್ತು. ಅದನ್ನು ಎಲ್ಲರೂ ಡಕ್ಟು ಎನ್ನುತ್ತಾರೆ. ನಾಲ್ಕು ಮಹಡಿಯ ಒಳಕೋಣೆಗಳೂ ಅದರಿಂದಲೇ ಉಸಿರಾಡಬೇಕು. ನಿಯಮದ ಪ್ರಕಾರ ಕಿಟಕಿ ಸರಿಯಾಗಿಯೇ ಇತ್ತು, ಕೂದಲೆಳೆಯಷ್ಟು ಹೆಚ್ಚೇ ಇತ್ತು. ಆದರೆ ಅಮ್ಮನ ಬಟ್ಟೆಬರೆ, ಔಷಧಿ, ಹಳೆಯ ಫೋಟೋಗಳಿಗೆ ಜಾಗ ಬೇಕೆಂದು ನಕ್ಷೆಗಾರ ಒಂದು ಕಪಾಟು ಮಾಡಿಸಿದ್ದ. ಅದನ್ನು ನಿಲ್ಲಿಸಲು ಇದ್ದದ್ದು ಕಿಟಕಿಯ ಗೋಡೆ ಒಂದೇ. ಕಿಟಕಿಯ ಚೌಕಟ್ಟಿನೊಳಕ್ಕೆ ಕಪಾಟಿನ ಬೆನ್ನು ಕೂರುವ ಹಾಗೆ ತಾನೇ ಅಳತೆ ತೆಗೆದು ಬಡಗಿಗೆ ಕೊಟ್ಟಿದ್ದ. ಬಡಗಿ ತಂದು ಕೂರಿಸಿದಾಗ ಒಂದು ಕಾಗದವನ್ನೂ ತೂರಿಸಲಾಗದಷ್ಟು ಬಿಗಿಯಾಗಿ ಕೂತಿತು. “ನನ್ನ ಮಗ ಅಳೆದ ಅಂದರೆ ಅಳೆದ” ಎಂದು ಅಮ್ಮ ಬಂದವರಿಗೆಲ್ಲ ಅದರ ಬಾಗಿಲು ತೆಗೆದು ತೋರಿಸುತ್ತಿದ್ದಳು.

ಅದಕ್ಕೂ ಎರಡು ವರ್ಷ ಮೊದಲು ಕಟ್ಟಡದ ಯಜಮಾನ ತಾರಸಿಯಲ್ಲಿ ಇನ್ನೊಂದು ನೀರಿನ ಟ್ಯಾಂಕು ಕೂರಿಸಬೇಕು ಎಂದಾಗ, ಡಕ್ಟಿನ ಬಾಯಿಗೆ ಅಡ್ಡಲಾಗಿ ಚಪ್ಪಡಿ ಹಾಕಿ ಅದರ ಮೇಲೆ ಇಡಬಹುದು ಎಂದು ಚಿತ್ರ ಬಿಡಿಸಿ ಕೊಟ್ಟವನೂ ಅವನೇ. ಮಳೆ ನೀರು ಒಳಗೆ ಬೀಳುವುದು ನಿಂತಿತು, ಪಾರಿವಾಳಗಳ ಕಾಟ ತಪ್ಪಿತು, ನಾಲ್ಕೂ ಮಹಡಿಯವರು ಅವನನ್ನು ಹೊಗಳಿದರು.

ಸಾವನ್ನು ಖಚಿತಪಡಿಸಲು ಬಂದ ಡಾಕ್ಟರು ವಯಸ್ಸೆಷ್ಟು ಎಂದು ಕೇಳಿದರು. ಎಪ್ಪತ್ತನಾಲ್ಕು ಎಂದ. ಬೇರೆ ಏನಾದರೂ ಹೇಳೋದಿದೆಯಾ ಎಂದರು. ಇಲ್ಲ ಎಂದ. ‘ವಯೋಸಹಜ’ ಎಂದು ಬರೆದು ಹೋದರು.

ಹದಿನೈದು ದಿನ ಕಳೆದ ಮೇಲೆ ಅವನು ಕಪಾಟನ್ನು ಎಳೆದು ಆಚೆ ಇಟ್ಟ. ಕಿಟಕಿ ತೆರೆಯಿತು, ಗಾಳಿ ಬರಲಿಲ್ಲ. ಮೇಲಿನ ಬಾಯಿ ಮುಚ್ಚಿದ ಬಾವಿಯಲ್ಲಿ ಗಾಳಿಗೆ ಏರುವ ದಾರಿಯೇ ಇಲ್ಲ. ಬಿಸಿ ಗಾಳಿ ಮೇಲಕ್ಕೆ ಹೋದರೆ ತಾನೇ ಕೆಳಗಿನಿಂದ ತಣ್ಣನೆಯದು ಬರುವುದು. ಇದು ಕಾಲೇಜಿನ ಮೊದಲ ವರ್ಷದ ಪಾಠ. ಯಜಮಾನನಿಗೆ ಫೋನು ಮಾಡಿದ. “ಟ್ಯಾಂಕು ತೆಗೆಸಬೇಕಾ? ನೀವೇ ಅಲ್ವೇನ್ರೀ ಇಡಿಸಿದ್ದು? ಆಫೀಸಿಂದ ಆರ್ಡರ್ ತನ್ನಿ, ತೆಗೆಸ್ತೀನಿ” ಎಂದ ಆತ. ತಪ್ಪು ಮಾತೇನೂ ಆಗಿರಲಿಲ್ಲ.

ಮೇಡಂ ಪಟ್ಟಿಯ ಮಾತಾಡಿದ ದಿನ ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲಲ್ಲಿ ಬ್ಲೌಸು ಹೊಲಿಯುವಾಕೆ ಕೂತಿದ್ದಳು. ಹೊಲಿಗೆ ಯಂತ್ರವನ್ನು ಹೊಸ್ತಿಲಿಗೇ ಎಳೆದುಕೊಂಡಿದ್ದಳು, ಮೆಟ್ಟಿಲ ಕಡೆಯಿಂದಾದರೂ ಸ್ವಲ್ಪ ಗಾಳಿ ಬರಲಿ ಎಂದು.

“ಅಣ್ಣ, ಪಟ್ಟಿ ಬಂತಾ? ನಮ್ಮ ಬೀದಿ ಇದೆಯಾ?”

“ಇನ್ನೂ ಮುಗಿದಿಲ್ಲ. ಅತ್ತೆ ಹೇಗಿದ್ದಾರೆ?”

“ಹೇಗಿರ್ತಾರೆ. ಒದ್ದೆ ಟವೆಲ್ ಹೊದಿಸಿದರೆ ಅರ್ಧ ಗಂಟೆಗೆ ಗರಿಗರಿ ಒಣಗಿರುತ್ತೆ. ನಿನ್ನೆ ನನ್ನ ಕೇಳ್ತಾರೆ, ‘ಏನೇ, ನನ್ನ ಏನು ಹಪ್ಪಳ ಅಂದ್ಕೊಂಡಿದ್ದೀಯಾ, ಒಣಗಿಸ್ತಾ ಇದ್ದೀಯಲ್ಲ’ ಅಂತ. ನಗು ಇನ್ನೂ ಇದೆ ಅವರಿಗೆ, ಅದೊಂದು ಇದೆ.” ಆಕೆ ದಾರ ಕಡಿದಳು. “ಇನ್ನೂ ಬೇಸಿಗೆ ಶುರುವೇ ಆಗಿಲ್ಲ ಅಣ್ಣ.”

ಸೊಂಟ ಮುರಿದು ಮಲಗಿದ ಆ ಅತ್ತೆಯ ಕೋಣೆ, ಅವನ ಅಮ್ಮನ ಕೋಣೆಯ ನೇರ ಕೆಳಗಿತ್ತು. ಹೋದ ವಾರ ಕಚೇರಿಯ ಉಷ್ಣಮಾಪಕವನ್ನು ಎರಡೂ ಕೋಣೆಗಳಲ್ಲಿ ನೇತುಹಾಕಿ ನೋಡಿದ್ದ. ಮೇಲೆ ಮೂವತ್ತೊಂಬತ್ತು, ಕೆಳಗೆ ಮೂವತ್ತೇಳೂವರೆ. ಹೊರಗೆ ರಸ್ತೆಯಲ್ಲಿ ಮೂವತ್ತಾರು ಇತ್ತು. ಅಂಕಿಗಳನ್ನು ಬರೆದುಕೊಂಡ. ಬರೆದುಕೊಳ್ಳುವಾಗ ಏನೂ ಅನ್ನಿಸಲಿಲ್ಲ. ಈಚೆಗೆ ಹಾಗೇ ಆಗಿತ್ತು. ಅನ್ನಿಸಬೇಕಾದ ಜಾಗದಲ್ಲಿ ಒಂದು ಅಂಕಿ ಬಂದು ಕೂರುತ್ತಿತ್ತು.

ತಪ್ಪಾಗಿ ದಾಖಲಾದ ಸಾವನ್ನು ಸರಿಪಡಿಸಲು ಒಂದು ಅರ್ಜಿ ಇದೆ. ಅದನ್ನು ರೂಪಿಸಿದ ಸಭೆಯಲ್ಲಿ ಅವನೂ ಇದ್ದ. ಕೋಣೆಯ ಅಳತೆ, ಕೋಣೆಯ ಶಾಖ, ಮತ್ತು ಸತ್ತ ದಿನವೇ ದೇಹವನ್ನು ಮುಟ್ಟಿ ನೋಡಿದ ಸಂಬಂಧಿಕರೊಬ್ಬರ ಹೇಳಿಕೆ. ಪ್ರಾಧಿಕಾರದ ನೌಕರರ ಹೇಳಿಕೆ ನಡೆಯುವುದಿಲ್ಲ. ತಮ್ಮ ತಮ್ಮ ಬೀದಿಗೆ ಚುಕ್ಕಿ ಇಟ್ಟುಕೊಂಡಾರು ಎಂದು ಆ ಸಾಲನ್ನು ಸೇರಿಸಿದವನು ಅವನೇ. ಹೆಂಡತಿ ಊರಿಂದ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಡಾಕ್ಟರಿಗಿಂತ ಮೊದಲು ಬಂದು ಅಮ್ಮನನ್ನು ಮುಟ್ಟಿದವಳು ಒಬ್ಬಳೇ, ಅಕ್ಕ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಊರಿನ ಇನ್ನೊಂದು ತುದಿಯಲ್ಲಿ ಮನೆ, ಪ್ರಾಥಮಿಕ ಶಾಲೆಯಲ್ಲಿ ಪಾಠ, ಗಂಟಲು ಗಟ್ಟಿ. ಅಂದು ಫೋನು ಹೋದ ಮುಕ್ಕಾಲು ಗಂಟೆಗೆ ಆಟೋದಿಂದಿಳಿದು ಓಡಿಬಂದಿದ್ದಳು. ಅಮ್ಮನ ಹಣೆಯ ಮೇಲೆ ಕೈ ಇಟ್ಟವಳೇ ಕಿರುಚಿದ್ದಳು: “ಬಿಸಿ ಇದ್ದಾಳೆ ಕಣೋ! ಜೀವ ಇದೆ!” ಜೀವ ಇರಲಿಲ್ಲ. ಆದರೆ ಅಂದಿನಿಂದ ಅಕ್ಕನ ಪಾಲಿಗೆ ಆ ಬಿಸಿ ಒಂದು ಆಸ್ತಿಯಾಗಿತ್ತು. ನೆಂಟರಿಷ್ಟರಿಗೆ, ಶಾಲೆಯ ಟೀಚರುಗಳಿಗೆ, ತರಕಾರಿಯವಳಿಗೂ ಹೇಳಿದ್ದಳು: “ನಾನು ಬರೋವರೆಗೂ ಕಾದಳು ನಮ್ಮಮ್ಮ. ನಾನು ಕೈ ಇಟ್ಟಾಗ ಮೈ ಇನ್ನೂ ಬಿಸಿಯಾಗಿತ್ತು. ನನ್ನ ಕೈ ತಾಗಿದ ಮೇಲೇ ಹೋದದ್ದು.” ಕೊನೆಯ ಎರಡು ತಿಂಗಳು ಪರೀಕ್ಷೆ, ಪೇಪರು ತಿದ್ದುವುದು ಎಂದು ಅಕ್ಕ ಅಮ್ಮನನ್ನು ನೋಡಲು ಬಂದೇ ಇರಲಿಲ್ಲ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಅಮ್ಮ ಕಾದಿದ್ದಳಲ್ಲ.

ಗುರುವಾರ ಶಾಲೆ ಬಿಡುವ ಹೊತ್ತಿಗೆ ನಕ್ಷೆಗಾರ ಅಕ್ಕನ ಮನೆಗೆ ಹೋದ. ಅಕ್ಕ ಬೆವರೊರೆಸಿಕೊಳ್ಳುತ್ತ ಬಂದು ಬೀಗ ತೆಗೆದಳು.

“ಬಾರೋ. ಏನು, ದಾರಿ ತಪ್ಪಿ ಬಂದ್ಯಾ? ಫೋನು ಮಾಡಿದರೂ ‘ಹ್ಞೂಂ, ಹ್ಞೂಂ’ ಅಂತೀಯ, ಎಮ್ಮೆ ಮೆಲುಕು ಹಾಕಿದ ಹಾಗೆ. ನಿನ್ನ ಹೆಂಡ್ತಿ ಅದೇ ಹೇಳ್ತಿದ್ಲು, ಮನೇಲಿ ಮಾತೇ ಇಲ್ವಂತೆ.”

“ಕೆಲಸ ಜಾಸ್ತಿ.”

“ಎಲ್ಲರಿಗೂ ಕೆಲಸ ಜಾಸ್ತಿ. ಟೀ ಕುಡೀತೀಯಾ, ನೀರು ಸಾಕಾ?”

“ನೀರು ಸಾಕು. ನಾಳೆ ರಜೆ ಹಾಕಿ ನಮ್ಮ ಆಫೀಸಿಗೆ ಬರ್ಬೇಕು ನೀನು.”

ಯಾಕೆಂದು ಅವನು ಕ್ರಮವಾಗಿ ಹೇಳಿದ. ಪಟ್ಟಿ, ಮೂರು ಚುಕ್ಕಿ, ಅರ್ಜಿ, ಕೆಳಗಿನ ಮನೆಯ ಅತ್ತೆ. ಕಪಾಟಿನ ವಿಷಯವನ್ನೂ ಹೇಳಿದ, ಡಕ್ಟಿನ ಚಪ್ಪಡಿಯದನ್ನೂ ಹೇಳಿದ. ಅಕ್ಕ ನೀರಿನ ಲೋಟ ಹಿಡಿದು ನಿಂತೇ ಕೇಳಿದಳು.

“ಅಂದರೆ ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅಂತಾಯ್ತು.”

“ಹೌದು.”

“ಹೌದು ಅಂತಾನೆ ನೋಡು! ಹೊಡೆದರೂ ಅಳಲ್ಲ ನೀನು. ಚಿಕ್ಕಂದಿನಿಂದ ಹಾಗೇ.” ಲೋಟವನ್ನು ಸದ್ದಾಗುವ ಹಾಗೆ ಮೇಜಿನ ಮೇಲಿಟ್ಟಳು. “ಈಗ ಏನು, ಅಮ್ಮನ ನೀನು ಬೇಯಿಸಿ ಸಾಯಿಸಿದೆ ಅಂತ ಸರ್ಕಾರಿ ಕಾಗದದಲ್ಲಿ ಬರೆಸ್ಬೇಕಾ? ಮಲಗಿದ್ದಲ್ಲೇ ಹೂವು ಎತ್ತಿದ ಹಾಗೆ ಹೋದಳು ಅವಳು. ನೀನು ಯಾಕೋ ಅವಳನ್ನ ಮತ್ತೆ ಎಬ್ಬಿಸಿ ಕೂರಿಸ್ತೀಯ?”

“ಕೆಳಗಿನ ಮನೆಯ ಅತ್ತೆ ಈ ವರ್ಷ ತಡೆಯಲ್ಲ ಅಕ್ಕ. ಮೇ ತಿಂಗಳು ತಡೆಯಲ್ಲ.”

“ನಿನಗೆ ಹೇಗೆ ಗೊತ್ತು?”

“ಅಳೆದಿದ್ದೀನಿ.”

ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡು ಕೇಳಿದಳು: “ನಾನು ಏನು ಹೇಳ್ಬೇಕು?”

“ಅವತ್ತು ಏನಾಯ್ತೋ ಅದನ್ನೇ ಹೇಳು. ನೀನು ಎಲ್ಲರಿಗೂ ಹೇಳೋದನ್ನೇ.”

ಹೇಳಿದ ಮೇಲೆ ಅವನಿಗೆ ತಾನು ಆಡಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ ಎಂದು ತೋರಿತು. ಆ ಬಿಸಿ ಏನೆಂದು ಅವಳಿಗೆ ಈಗಲೇ ಹೇಳಬಹುದಿತ್ತು. ಹೇಳಿದರೆ ಬರಲಾರಳು. ಎರಡನ್ನೂ ತೂಗಿದ. ತೂಗುವುದಷ್ಟೇ ಅವನಿಂದ ಆಗುತ್ತಿತ್ತು. ನೀರು ಕುಡಿದು ಎದ್ದ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಮೇಡಂ ಎದ್ದು ಕುರ್ಚಿ ಕೊಟ್ಟರು. ಅಕ್ಕ ಕೂರುತ್ತಲೇ ಸುತ್ತ ನೋಡಿ, “ನಿಮ್ಮ ಆಫೀಸಲ್ಲಿ ಕಿಟಕಿ ತುಂಬ ಇದೆ” ಎಂದಳು. ಮೇಡಂ ನಗಬೇಕೋ ಬೇಡವೋ ತಿಳಿಯದೆ ಅರ್ಜಿಯನ್ನು ಮುಂದಕ್ಕೆಳೆದುಕೊಂಡರು. ಅದರಲ್ಲಿ ನಕ್ಷೆಗಾರ ತುಂಬಿದ್ದ ಭಾಗವನ್ನು ಬೆಳಿಗ್ಗೆಯೇ ಓದಿದ್ದರು: ‘ಕಿಟಕಿ ಮುಚ್ಚಿದವರು: ಮಗ. ಡಕ್ಟು ಮುಚ್ಚಲು ಚಿತ್ರ ಕೊಟ್ಟವರು: ಮಗ.’ ಓದಿ, ತಲೆಯೆತ್ತಿ ಅವನನ್ನು ನೋಡಿ, “ಮಿಲಿಮೀಟರ್...” ಎಂದು ಅರ್ಧಕ್ಕೇ ನಿಲ್ಲಿಸಿದ್ದರು.

“ಹೇಳಿ ಅಮ್ಮ. ಅವತ್ತು ನೀವು ಬಂದಾಗ ಏನು ನೋಡಿದ್ರಿ?”

ಅಕ್ಕ ಹೇಳಿದಳು. ಎಷ್ಟೋ ಸಲ ಹೇಳಿದ ಕಥೆ, ಆದ್ದರಿಂದ ಎಲ್ಲೂ ತಡವರಿಸಲಿಲ್ಲ. ಆಟೋದವನಿಗೆ ಬೈದದ್ದು, ಮೆಟ್ಟಿಲಲ್ಲಿ ಚಪ್ಪಲಿ ಕಿತ್ತುಹೋದದ್ದು, ಒಳಗೆ ಹೋಗಿ ಹಣೆ ಮುಟ್ಟಿದ್ದು. “ಬಿಸಿಯಾಗಿತ್ತು ಮೇಡಂ. ನನಗೋಸ್ಕರ ಕಾದಿದ್ದಳು.”

“ನೀವು ಮುಟ್ಟಿದಾಗ ಎಷ್ಟು ಗಂಟೆ?”

“ನಾಲ್ಕಾಗಕ್ಕೆ ಹತ್ತು ನಿಮಿಷ.”

“ತಮ್ಮ ನೋಡಿದ್ದು ಮೂರಕ್ಕೆ. ಆಗಲೇ ಉಸಿರು ಇರಲಿಲ್ಲ ಅಂತ ಬರೆದಿದ್ದಾರೆ.” ಮೇಡಂ ದನಿ ಮೆತ್ತಗಿತ್ತು, ಪೆನ್ನು ಮಾತ್ರ ಓಡುತ್ತಿತ್ತು. “ಬಿಸಿ ಅಂದರೆ ಹೇಗೆ? ನಮ್ಮ ನಿಮ್ಮ ಮೈ ಹಾಗಾ?”

“ಅಲ್ಲ, ಹೆಚ್ಚು.”

“ಜ್ವರ ಬಂದ ಹಾಗಾ?”

“ಜ್ವರಕ್ಕಿಂತಲೂ...” ಅಕ್ಕ ತನ್ನ ಬಲ ಅಂಗೈಯನ್ನು ನೋಡಿಕೊಂಡಳು. “ಕೈ ಹಿಂದಕ್ಕೆ ತಗೊಂಡೆ ನಾನು. ಒಂದು ಸಲ ಮುಟ್ಟಿ, ತಗೊಂಡು, ಆಮೇಲೆ ಮತ್ತೆ ಮುಟ್ಟಿದೆ. ಹಂಚಿನ...”

ಅಲ್ಲಿಗೆ ನಿಲ್ಲಿಸಿದಳು.

ಅಂಗೈಯಿಂದ ಕಣ್ಣೆತ್ತಿ ತಮ್ಮನನ್ನು ನೋಡಿದಳು. ಅವನು ಗೋಡೆಗೆ ಒರಗಿ ನಿಂತಿದ್ದ. ಮುಖ ತಿರುಗಿಸಲಿಲ್ಲ. ತಿರುಗಿಸಬಾರದು ಎಂದು ನಿರ್ಧರಿಸಿದ್ದ. ಅಷ್ಟಾದರೂ ಅವಳಿಗೆ ಸಲ್ಲಬೇಕಿತ್ತು. ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲಿನ ಕಾಗದಗಳು ಭಾರದ ಕೆಳಗೆ ಪಟಪಟ ಎನ್ನುತ್ತಿದ್ದವು.

“ಮೈಯಲ್ಲಿ ಬೆವರು ಇತ್ತಾ?” ಮೇಡಂ ಕೇಳಿದರು.

“ಇರಲಿಲ್ಲ. ಒಣಗಿತ್ತು.” ಅಕ್ಕನ ದನಿ ಶಾಲೆಯಲ್ಲಿ ಹಾಜರಿ ಕೂಗುವವರ ದನಿಯಾಗಿತ್ತು. “ಬರ್ಕೊಳ್ಳಿ. ಬಾಯಿ ಒಣಗಿತ್ತು. ತುಟಿ ಬಿರಿದಿತ್ತು. ತಲೆದಿಂಬೂ ಬಿಸಿ ಇತ್ತು. ಗೋಡೆನೂ.”

ಮೇಡಂ ಬರೆದರು. ಓದಿ ಹೇಳಿದರು. ಅಕ್ಕ ಒಂದು ಕಡೆ ಕಾಗುಣಿತ ತಪ್ಪಾಗಿದೆ ಎಂದು ತಿದ್ದಿಸಿ, ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದಳು.

“ನಿಮ್ಮ ಮೇಲೆ ವಿಚಾರಣೆ ಆಗುತ್ತೆ, ಗೊತ್ತಲ್ಲ?” ಮೇಡಂ ಅವನಿಗೆ ಹೇಳಿದರು. “ಡಕ್ಟು ಮುಚ್ಚಿಸಿದ್ದಕ್ಕೆ. ಇದು ನನ್ನ ಕೈ ದಾಟಿ ಮೇಲೆ ಹೋಗುತ್ತೆ.”

“ಗೊತ್ತು ಮೇಡಂ. ನೋಟಿಸಿನ ಕರಡು ಟೈಪು ಮಾಡಿಟ್ಟಿದ್ದೀನಿ. ಯಜಮಾನರಿಗೊಂದು, ನನಗೊಂದು.”

ಮೇಡಂ ಒಂದು ಕ್ಷಣ ಅವನನ್ನೇ ನೋಡಿ, ಟೇಬಲ್ಲಿನ ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು ಚಾಚಿದರು. “ಇಡಿ.”

“ನನಗೂ ತೋರಿಸು,” ಎಂದು ಅಕ್ಕ ಎದ್ದಳು.

ಇಬ್ಬರೂ ನಕ್ಷೆಯ ಮುಂದೆ ನಿಂತರು. ಅವನು ಬೀದಿಯ ಮೇಲೆ ಬೆರಳಿಟ್ಟು ತೋರಿಸಿ, ಚುಕ್ಕಿ ಇಟ್ಟ. ಎಲ್ಲ ಚುಕ್ಕಿಗಳಂತೆ ಅದೂ ಎರಡು ಮಿಲಿಮೀಟರು. ಆ ಅಳತೆಯ ನಕ್ಷೆಯಲ್ಲಿ ಅದರ ಕೆಳಗೆ ಇಡೀ ಕಟ್ಟಡ ಮುಚ್ಚಿಹೋಯಿತು. ಕೋಣೆ, ಕಿಟಕಿಗಳೆಲ್ಲ ಅದರೊಳಗೇ ಎಲ್ಲೋ.

“ಇಷ್ಟೇನಾ?” ಎಂದಳು ಅಕ್ಕ.

“ಇಷ್ಟೇ.”

“ಸುಮ್ಮನೆ ಒಂದು ಚುಕ್ಕಿ ಇಟ್ಬಿಡಬಹುದಿತ್ತಲ್ಲೋ. ಪೆನ್ನು ನಿನ್ನ ಕೈಯಲ್ಲೇ ಇತ್ತು. ಯಾರು ಕೇಳ್ತಿದ್ರು?”

ಅವನು ಯೋಚಿಸಿ ನೋಡಿದ. “ಯಾರೂ ಕೇಳ್ತಿರಲಿಲ್ಲ.”

“ಮತ್ತೆ?”

ಅವನು ಪೆನ್ನಿನ ಮುಚ್ಚಳ ಹಾಕಿದ. ಏನು ಹೇಳಿದರೂ, ಅವಳಿಂದ ತೆಗೆದುಕೊಂಡದ್ದಕ್ಕೆ ಅದು ಸಾಟಿಯಾಗುತ್ತಿರಲಿಲ್ಲ.

ಬಸ್ ನಿಲ್ದಾಣದವರೆಗೂ ಇಬ್ಬರೂ ಕಟ್ಟಡಗಳ ನೆರಳು ಹಿಡಿದು ನಡೆದರು. ನೆರಳು ಕಡಿದಲ್ಲಿ ಅಕ್ಕ ಸೆರಗನ್ನು ತಲೆಗೆಳೆದುಕೊಂಡಳು. ನಿಲ್ದಾಣದ ತಗಡಿನ ಕೆಳಗೆ ನಿಂತ ಮೇಲೆ ಹೇಳಿದಳು: “ಹಾಗಾದರೆ ನಾನು ಬಂದಾಗ ಅವಳು ಇರಲಿಲ್ಲ.”

“ಇರಲಿಲ್ಲ ಅಕ್ಕ.”

“ಎಷ್ಟು ಹೊತ್ತಾಗಿತ್ತು?”

“ಒಂದು ಗಂಟೆ ಆಗಿರಬಹುದು. ಎರಡೂ ಆಗಿರಬಹುದು. ನಾನು ಒಳಗೆ ಹೋಗಿರಲಿಲ್ಲ.”

“ನೀನು ಪಕ್ಕದ ಕೋಣೇಲಿ. ನಾನು ಊರಾಚೆ.” ಅಕ್ಕ ತಲೆಯಾಡಿಸಿದಳು. “ಇಬ್ಬರು ಮಕ್ಕಳು.”

ಅದರಲ್ಲಿ ಆರೋಪವೇನೂ ಇರಲಿಲ್ಲ. ಬಸ್ಸು ಬಂತು. ಅವಳು ಹತ್ತುವ ಮೊದಲು ತಿರುಗಿ, “ಆ ಕೆಳಗಿನ ಮನೆಯವರಿಗೆ ಯಾವಾಗ ಆಗುತ್ತೆ ಕೆಲಸ?” ಎಂದಳು.

“ಇನ್ನು ಹನ್ನೆರಡು ದಿನಕ್ಕೆ ಚಪ್ಪಡಿ ತೆಗೀತಾರೆ. ಸುಣ್ಣ ಅದಾದ ಮೇಲೆ.”

“ಹನ್ನೆರಡು ದಿನ,” ಎಂದು ಅಕ್ಕ ಹತ್ತಿದಳು.

ಎಡಗಡೆ ಕಿಟಕಿಯ ಸೀಟಿನಲ್ಲಿ ಕೂತಳು. ಇಳಿಬಿಸಿಲು ಪೂರ್ತಿ ಆ ಕಡೆಯೇ ಹೊಡೆಯುತ್ತಿತ್ತು. ಬಲಗಡೆಯ ಸೀಟುಗಳು ಖಾಲಿ ಇದ್ದವು. ನಕ್ಷೆಗಾರ ಕಿಟಕಿಯ ಹತ್ತಿರ ಹೋಗಿ ಆಚೆ ಕಡೆ ಕೂರು ಎಂದು ಕೈ ಮಾಡಿದ. ಅಕ್ಕ ಅವನನ್ನು ನೋಡಿದಳು. ಅರ್ಥವಾಗಲಿಲ್ಲವೋ, ಆಗಿಯೂ ಏಳಲಿಲ್ಲವೋ. ಕೈಯನ್ನು ಕಿಟಕಿಯ ಕಂಬಿಯ ಮೇಲೆ ಇಟ್ಟು, ತಟ್ಟನೆ ತೆಗೆದು, ಮತ್ತೆ ಅಲ್ಲೇ ಇಟ್ಟಳು. ಬಸ್ಸು ಹೊರಟಿತು.

ಸರ್ಕಲ್ಲಿನವರೆಗೆ ರಸ್ತೆ ನೇರ. ಅಲ್ಲಿ ಬಲಕ್ಕೆ ತಿರುಗಿದರೆ ಬಿಸಿಲು ಬೆನ್ನ ಹಿಂದೆ ಹೋಗುತ್ತದೆ. ಅಲ್ಲಿಯವರೆಗೆ ಎಂಟು ನಿಮಿಷ. ಸಿಗ್ನಲ್ ಬಿದ್ದರೆ ಹತ್ತು. ಅವನು ಗಡಿಯಾರ ನೋಡಿಕೊಂಡು, ಅಷ್ಟು ಹೊತ್ತೂ ಅಲ್ಲೇ ನಿಂತಿದ್ದ.